ಗವಾಕ್ಷಿಯ ಕಲ್ಲು, ಟ್ರ್ಯಾಕ್ಟರಿನ ಪೈಪು

ಟ್ರ್ಯಾಕ್ಟರಿಗೆ ಪೈಪು ನಿಲ್ಲಿಸಿದ ದಿನ ಕುರುಗೋಡಿನ ನಮ್ಮ ಹಿತ್ತಲಲ್ಲಿ ಇದ್ದವರು ನಾಲ್ಕೇ ಜನ. ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಮಿಸ್ತ್ರಿ ಖಾದರ್ ಸಾಬರು ಬಾನೆಟ್ಟಿನ ಮೇಲೆ ಕುದುರೆ ಹತ್ತಿದವರ ಹಾಗೆ ಕಾಲು ಇಳಿಬಿಟ್ಟು ಕೂತಿದ್ದರು. ನಮ್ಮಪ್ಪ ಪಕ್ಕದಲ್ಲಿ ಒಂದು ಪೀಪಾಯಿಯ ಮೇಲೆ ನಿಂತು, ಪೈಪು ವಾಲದಂತೆ ಅದನ್ನು ಎರಡು ಕೈಯಿಂದ ತಬ್ಬಿಕೊಂಡಿದ್ದ. ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ಪೈಪಿನ ತುದಿಯನ್ನೇ ನೋಡುತ್ತಿದ್ದಳು. ನಾನು ಬೇವಿನ ಮರದ ಟೊಂಗೆಯ ಮೇಲಿದ್ದೆ. ಪೈಪಿನ ಬಾಯಿ ಮಾಳಿಗೆಯ ಅಂಚಿಗಿಂತ ಮೇಲೆ ಬಂತೋ ಇಲ್ಲವೋ ಎಂದು ಕೂಗಿ ಹೇಳುವುದು ನನ್ನ ಕೆಲಸ. ಐದನೆಯವನು ಹಿತ್ತಲಲ್ಲಿರಲಿಲ್ಲ, ನಮ್ಮೆಲ್ಲರ ತಲೆಯ ಮೇಲಿದ್ದ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಿಳಿ ಧೋತರ ಉಟ್ಟು ಹಣೆತುಂಬ ವಿಭೂತಿ ಬಳಿದುಕೊಂಡು, ಮಾಳಿಗೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದ.

"ಗೌರೀ, ನಿಮ್ಮವ್ವಗ ಕೇಳು. ಟ್ರ್ಯಾಕ್ಟರ್ ಬೆನ್ನಿಗೆ ಕಂಬ ನೆಡಾಕತ್ತೀರಲ್ಲ, ಯಾಕ, ಕೋಳಿ ಕೂಡಾಕೇನು?"

ಅವ್ವ ಪೈಪಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.

"ಗೌರೀ, ನಿಮ್ಮ ದೊಡ್ಡಪ್ಪಗ ಹೇಳು. ಯಾಕ ಅಂಬೋದು ಅವರಿಗೇ ಮೊದಲು ಗೊತ್ತಾಕ್ಕೈತಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣನಿಗೆ ಮುಖ ಕೊಟ್ಟು ಮಾತಾಡುವ ಹಾಗಿರಲಿಲ್ಲ. ಅವನು ಬಂದರೆ ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಗೆ ಸರಿಯಬೇಕು. ಆದರೆ ಜಗಳವಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಹೀಗಾಗಿ ಇಬ್ಬರೂ ಮೂರು ಮಾರು ದೂರದಲ್ಲಿ ನಿಂತು, ನಡುವೆ ನನ್ನನ್ನು ನಿಲ್ಲಿಸಿಕೊಂಡು ಬಯ್ದಾಡುತ್ತಿದ್ದರು. ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಹೆಸರು ನನ್ನದು, ಏಟು ಅವರವರದು. ನಾನು ಮನೆಯಲ್ಲಿಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದರು, ಬೆಕ್ಕೂ ಇಲ್ಲದಿದ್ದರೆ ಒರಳುಕಲ್ಲಿಗೆ. ನಾನು ಚೆನ್ನಾಗಿ ಮಾತಾಡುತ್ತೇನೆ ಎಂದು ಈಗಲೂ ನಾಲ್ಕು ಜನ ಹೇಳುತ್ತಾರೆ. ಆ ಮಾತು ಸಾಲಿಯಲ್ಲಿ ಕಲಿತದ್ದಲ್ಲ, ಆ ಇಬ್ಬರ ನಡುವೆ ನಿಂತು ಕಲಿತದ್ದು. ಸಿಟ್ಟನ್ನು ವರ್ಷಗಟ್ಟಲೆ ಕೆಡದಂತೆ ಇಟ್ಟುಕೊಳ್ಳುವುದನ್ನೂ ಅಲ್ಲೇ ಕಲಿತೆ.

ಮನೆ ಒಂದೇ ಇತ್ತು, ಅಜ್ಜ ಇರುವ ತನಕ. ಮುಂದೆ ಉದ್ದನೆಯ ಪಡಸಾಲೆ, ಅದರ ಹಿಂದೆ ದೇವರ ಮನೆ, ಅಡುಗೆಮನೆ, ಕೊನೆಗೆ ಕರುಗಳನ್ನು ಕಟ್ಟುವ ಕತ್ತಲೆ ಕೋಣೆ. ಮೇಲೆ ಇಡೀ ಮನೆಗೆ ಹಾಸಿದಂತೆ ಮಣ್ಣಿನ ಮಾಳಿಗೆ. ಅಜ್ಜ ತೀರಿಹೋದ ಮೇಲೆ ಊರ ಹಿರಿಯರು ನಾಲ್ಕು ಜನ ಬಂದು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ಪಾಲು ಮಾಡಿದರು. ಹೊಲ, ಎತ್ತು, ಕಾಳು ತುಂಬುವ ಹಗೇವು, ಹಿತ್ತಾಳೆ ಪಾತ್ರೆ ಎಲ್ಲವನ್ನೂ ಗಂಡಸರು ತಮ್ಮ ತಮ್ಮಲ್ಲೇ ಆಡಿ ಮುಗಿಸುತ್ತಿದ್ದರು. ಅಡುಗೆಮನೆಯ ಮಾತು ಬಂದಾಗ ದೊಡ್ಡಪ್ಪ ಅದು ತನಗೇ ಇರಲಿ ಅಂದ. ಆಗ ಬಾಗಿಲ ಮರೆಯಿಂದ ಅವ್ವನ ಧ್ವನಿ ಬಂತು. "ಅರ್ಧ ಅಡಿಗಿಮನಿ ನನಗೂ ಬೇಕು" ಅಂದಳು. ಅಷ್ಟೇ. ಐದು ವರ್ಷ ಆ ಮನೆಯ ಹನ್ನೆರಡು ಬಾಯಿಗೆ ರೊಟ್ಟಿ ಬಡಿದವಳು ಅಷ್ಟು ಕೇಳಿದ್ದು ಹೆಚ್ಚೇನಲ್ಲ. ಆದರೆ ಪರಸ್ಥಳದ ಹೆಣ್ಣು, ಮೋಕದಿಂದ ಬಂದವಳು, ಹಿರಿಯರು ಕೂತಲ್ಲಿ ಬಾಯಿ ಹಾಕಿದಳೆಂದು ದೊಡ್ಡಪ್ಪನ ಮುಖ ಕೆಂಡವಾಯಿತಂತೆ. ಅಡುಗೆಮನೆ ಪೂರ್ತಿ ಅವನ ಪಾಲಿಗೇ ಹೋಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಕರು ಕಟ್ಟುವ ಕೋಣೆ ನಮ್ಮ ಅಡುಗೆಮನೆಯಾಯಿತು. ಮಾಳಿಗೆಯನ್ನು ಮಾತ್ರ ಒಡೆಯಲಾಗುವುದಿಲ್ಲ ಅಂದರು ಹಿರಿಯರು. ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ ಸವುಳು ಮಣ್ಣು ಹಾಕಿ ತುಳಿಯಬೇಕು, ಇಬ್ಬರು ತುಳಿದರೆ ಕೂಡಿದ ಕಡೆ ಸೋರುತ್ತದೆ, ಒಂದೇ ಕೈ ಇರಬೇಕು, ಆ ಕೈ ಹಿರಿಯನದಿರಲಿ ಎಂದರು. ಹೀಗೆ ನಾವು ನಮ್ಮದೇ ಮನೆಯಲ್ಲಿ, ಅವನ ಮಾಳಿಗೆಯ ಅಡಿಯಲ್ಲಿ ಬಾಳತೊಡಗಿದೆವು.

ಆ ಕರುಗಳ ಕೋಣೆಗೆ ಕಿಟಕಿ ಇರಲಿಲ್ಲ. ಬೆಳಕು ಬರುವುದಕ್ಕೂ ಹೊಗೆ ಹೋಗುವುದಕ್ಕೂ ಇದ್ದದ್ದು ಒಂದೇ, ಮಾಳಿಗೆಯಲ್ಲಿ ಕೊರೆದ ಗವಾಕ್ಷಿ. ಮಳೆ ಬಂದಾಗ ಮೇಲಿಂದ ಅದರ ಬಾಯಿಗೆ ಕಲ್ಲುಚಪ್ಪಡಿ ಮುಚ್ಚುವುದು, ನಿಂತ ಮೇಲೆ ಸರಿಸುವುದು, ಇದು ಎಲ್ಲರ ಮನೆಯ ರೂಢಿ. ಪಾಲಾದ ವರ್ಷ ಒಂದು ಸಂಜೆ ನಾಲ್ಕು ಹನಿ ಉದುರಿದವು. ದೊಡ್ಡಪ್ಪ ಮೇಲೆ ಹೋಗಿ ಕಲ್ಲು ಮುಚ್ಚಿದ. ಮಳೆ ನಿಂತಿತು. ಕಲ್ಲು ಸರಿಯಲಿಲ್ಲ.

"ಗೌರೀ, ನಿಮ್ಮ ದೊಡ್ಡಪ್ಪಗ ಹೇಳು. ಮಳಿ ನಿಂತು ಮೂರು ದಿನ ಆತು, ಕಲ್ಲು ತಗೀರಿ ಅನ್ನು."

"ಗೌರೀ, ನಿಮ್ಮವ್ವಗ ಹೇಳು. ಇನ್ನ ಮಳಿ ಮುಗದಿಲ್ಲ."

ಬಳ್ಳಾರಿ ಸೀಮೆಯಲ್ಲಿ ನಿಂತು ಮಳೆ ಮುಗಿದಿಲ್ಲ ಅನ್ನುವವನ ಎದೆಗಾರಿಕೆಯನ್ನು ನೀವೇ ಅಳೆಯಿರಿ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಬಂಡೆಗಳು ಕಾದು ಊರು ಕೆಂಡದ ಬಾಣಲೆಯಾದ ಬೇಸಿಗೆಯಲ್ಲೂ ಅವನ ಉತ್ತರ ಅದೇ, ಇನ್ನ ಮಳಿ ಮುಗದಿಲ್ಲ. ಒಂದು ದಿನ ಅಪ್ಪ ತಡೆಯಲಾರದೆ ಏಣಿ ಇಟ್ಟು ಹತ್ತಿದ. ಮೇಲಿನ ಮೆಟ್ಟಿಲಿಗೆ ಕೈ ಹಾಕುವಷ್ಟರಲ್ಲಿ ದೊಡ್ಡಪ್ಪ ಎದುರಿಗೆ ಬಂದು ನಿಂತು, ಬಹಳ ಮೆತ್ತಗೆ, "ಸಿದ್ದಾ, ಮಾಳಗಿ ಯಾರದು?" ಎಂದು ಕೇಳಿದ. ಅಪ್ಪ ಏಣಿ ಇಳಿದ. ಅಣ್ಣನ ಮೇಲೆ ಹಿರಿಯರ ಹತ್ತಿರ ದೂರು ಒಯ್ಯುವ ಜಾತಿಯ ಮನುಷ್ಯನಲ್ಲ ಅವನು. ಅದಕ್ಕಾಗಿ ನಾನು ಅಪ್ಪನನ್ನೂ ಬಹಳ ವರ್ಷ ಕ್ಷಮಿಸಲಿಲ್ಲ.

ಆ ಕೋಣೆಯಲ್ಲಿ ಅವ್ವ ಹತ್ತಿಕಟ್ಟಿಗೆ, ಸಗಣಿಯ ಕುಳ್ಳು ಉರಿಸಿ ಅಡುಗೆ ಮಾಡಿದಳು. ಒಂದು ರೊಟ್ಟಿ ಬಡಿಯುವುದು, ಹಿತ್ತಲಿಗೆ ಓಡಿಬಂದು ಕೆಮ್ಮಿ ಉಸಿರು ತೆಗೆದುಕೊಳ್ಳುವುದು, ಮತ್ತೆ ಒಳಗೆ ಹೋಗಿ ಇನ್ನೊಂದು ಬಡಿಯುವುದು. ಹಾಲಿಗೆ ಹೊಗೆಯ ವಾಸನೆ, ಸಾರಿಗೆ ಹೊಗೆಯ ವಾಸನೆ, ನನ್ನ ಕೂದಲಿಗೂ ಲಂಗಕ್ಕೂ ಅದೇ ವಾಸನೆ. ಸಾಲಿಯಲ್ಲಿ ನನ್ನನ್ನು "ಹೊಗಿ ಗೌರಿ" ಅಂತಿದ್ದರು. ನನ್ನ ಪಕ್ಕ ಕೂರುವವಳು ಮೂಗಿಗೆ ಲಂಗ ಹಿಡಿಯುತ್ತಿದ್ದಳು. ಅದನ್ನು ಮನೆಯಲ್ಲಿ ಹೇಳಿದಾಗ ಅವ್ವ ಕೆಂಪು ಕಣ್ಣುಗಳನ್ನು ಮೇಲೆತ್ತಿ, ಕಲ್ಲು ಮುಚ್ಚಿದ ಗವಾಕ್ಷಿಯ ಕಡೆ ನೋಡಿ, ತನ್ನ ತವರಿನ ತೆಲುಗಿನಲ್ಲಿ, "ಉಂಡು, ನೀ ಸಂಗತಿ ಚೆಪ್ತಾ" ಅಂದಳು. ತಾಳು, ನಿನ್ನ ಸಂಗತಿ ನೋಡಿಕೊಳ್ಳುತ್ತೇನೆ ಎಂದು. ಅವ್ವನಿಗೆ ಅಳು ಕನ್ನಡದಲ್ಲಿ ಬರುತ್ತಿತ್ತು, ಸೇಡು ತೆಲುಗಿನಲ್ಲಿ.

ಇನ್ನು ಟ್ರ್ಯಾಕ್ಟರಿನ ಮಾತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಳ್ಳಾರಿಯ ದಂಡಿನ ಕಡೆ ಉಳಿದುಹೋದ ಸಾಮಾನುಗಳನ್ನು ಹರಾಜು ಹಾಕಿದಾಗ ಅಜ್ಜ ಯಾವ ಮೋಹಕ್ಕೆ ಬಿದ್ದೋ ಅದನ್ನು ಹಿಡಿದುಕೊಂಡು ಬಂದಿದ್ದ. ಕಬ್ಬಿಣದ ಗಾಲಿ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎದ್ದೀತು, ಇಲ್ಲದಿದ್ದರೆ ಇಲ್ಲ. ಅದು ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಪಾಲಿನ ದಿನ ದೊಡ್ಡಪ್ಪ ನಗುತ್ತ, "ಎತ್ತು ನನಗಿರ್ಲಿ, ಗಾಡಿ ನನ್ನ ತಮ್ಮಗ" ಅಂದಿದ್ದ. ಅದರ ಜೊತೆಗೆ ಕರಿಕೆ ಹುಲ್ಲು ಹಬ್ಬಿದ ಎರೆಹೊಲವನ್ನೂ ನಮಗೆ ದಾಟಿಸಿದ್ದ. ಎರೆ ನೆಲದಲ್ಲಿ ಕರಿಕೆಯ ಬೇರು ಆಳು ಮಟ್ಟ ಇಳಿದಿರುತ್ತದೆ, ಎತ್ತಿನ ನೇಗಿಲು ಅದನ್ನು ಕೆರೆದೀತೇ ಹೊರತು ಕೀಳಲಾರದು. ಆದರೆ ಆ ಕಬ್ಬಿಣದ ಗಾಡಿ ಕಿತ್ತಿತು. ಅಪ್ಪ ಮೋಕದ ನಮ್ಮ ಸೋದರಮಾವನಿಂದ ಕಲಿತು ಅದನ್ನು ಎಬ್ಬಿಸಿ, ಒಂದೇ ಬೇಸಿಗೆಯಲ್ಲಿ ಅರ್ಧ ಹೊಲ ಹಸನು ಮಾಡಿದ. ಒಂದೇ ತೊಂದರೆ. ಅದು ಹೊಗೆ ಬಿಡುವ ಪೈಪು ಹೊಟ್ಟೆಯ ಕೆಳಗಿಂದ ಹಾದು ಹಿಂದಿನ ಗಾಲಿಯ ಹತ್ತಿರ ನೆಲಕ್ಕೆ ಬಾಯಿ ಮಾಡಿತ್ತು. ಒಂದು ಮಧ್ಯಾಹ್ನ ಅದರ ಕಿಡಿ ಹಾರಿ ಒಣಗಿದ ಜೋಳದ ಕೂಳೆಗೆ ಬೆಂಕಿ ಹತ್ತಿತು. ಅಪ್ಪ ಕಂಬಳಿಯಿಂದ ಬಡಿಬಡಿದು ಆರಿಸಿ, ಹುಬ್ಬು ಸುಟ್ಟುಕೊಂಡು ಮನೆಗೆ ಬಂದ. ಮರುವಾರ ಖಾದರ್ ಸಾಬರನ್ನು ಕರೆಸಿದ. ಅವರು ದಂಡಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ, ಆಮೇಲೆ ಬ್ರೂಸ್‌ಪೇಟೆಯ ಓಣಿಯಲ್ಲಿ ಅಂಗಡಿ ಇಟ್ಟಿದ್ದವರು. ಗಾಡಿಯ ಕೆಳಗೆ ತೂರಿ ನೋಡಿ ಹೊರಗೆ ಬಂದರು.

"ಸಿದ್ದಣ್ಣ, ಮೂಗು ನೆಲಕ್ಕ ಹಚ್ಚಿ ಉಸಿರಾಡಿದ್ರ ಬೆಂಕಿ ಹತ್ತದ ಇನ್ನೇನಾಕ್ಕೈತಿ? ಮೂಗು ಮ್ಯಾಲ ಮಾಡ್ಬೇಕು. ಒಂದು ಪೈಪು ನಿಲ್ಸಿ ಬಿಡಾಣ, ಹೊಗಿ ಕಿಡಿ ಎಲ್ಲ ಮ್ಯಾಲಿಂದ ಮ್ಯಾಲ ಹೋಗ್ಲಿ."

ಅವ್ವ ಮಜ್ಜಿಗೆ ತಂದಿದ್ದಳು. ಚೆಂಬು ಕೈಯಲ್ಲೇ ಉಳಿಯಿತು.

"ಹೊಗಿ ಎಷ್ಟು ಎತ್ತರಕ್ಕ ಒಯ್ಯಬೌದು ಅಣ್ಣಾ?"

"ಪೈಪು ಇದ್ದಷ್ಟು ಎತ್ತರಕ್ಕ, ಅಕ್ಕಾ."

ಅಂದು ಸಂಜೆ ರೊಟ್ಟಿ ಬಡಿಯುವಾಗ ಅವ್ವ ಹೊರಗೆ ಓಡಿಬರಲಿಲ್ಲ, ಹೊಗೆಯೊಳಗೇ ಕೂತು ಏನೋ ಲೆಕ್ಕ ಹಾಕುತ್ತಿದ್ದಳು. ಮರುದಿನ ನನ್ನ ಕೈಗೊಂದು ಹಗ್ಗ ಕೊಟ್ಟಳು. ಮಕ್ಕಳು ಮಾಳಿಗೆಗೆ ಹೋದರೆ ದೊಡ್ಡಪ್ಪ ಬೇಡ ಅನ್ನುತ್ತಿರಲಿಲ್ಲ. ಆಟದ ನೆವದಲ್ಲಿ ಹತ್ತಿ, ಮಾಳಿಗೆಯ ಅಂಚಿಗೆ ಕಟ್ಟಿದ ಮೋಟುಗೋಡೆಯ ಮೇಲಿಂದ ಹಗ್ಗ ಇಳಿಬಿಟ್ಟು, ಅದು ನೆಲ ಮುಟ್ಟಿದಾಗ ಮೇಲೆ ಗಂಟು ಹಾಕಿಕೊಂಡು ಇಳಿದೆ. ಅವ್ವ ಆ ಗಂಟಿನ ಮೇಲೆ ಮತ್ತೊಂದು ಗೇಣು ಅಳೆದು ಇನ್ನೊಂದು ಗಂಟು ಹಾಕಿದಳು. ಪೈಪು ತರುವ ಮೊದಲು ಅಳತೆಗೆಂದು ಬಂದ ಖಾದರ್ ಸಾಬರ ಕೈಗೆ ಅದೇ ಹಗ್ಗ ಕೊಟ್ಟಾಗ ಅವರು ಬೆಪ್ಪಾದರು.

"ಬಾನೆಟ್ ಮ್ಯಾಲ ಎರಡು ಮೊಳ ಇದ್ರ ಬಸ್ ಅಕ್ಕಾ. ಇಷ್ಟುದ್ದ ಯಾಕ? ಇದು ಟ್ರ್ಯಾಕ್ಟರೋ, ಹತ್ತಿ ಮಿಲ್ಲೋ?"

ಅವ್ವ ಅಡುಗೆಮನೆಯ ಬಾಗಿಲು ತೆರೆದು ಪಕ್ಕಕ್ಕೆ ನಿಂತಳು. ಒಲೆ ಉರಿಯುತ್ತಿತ್ತು. ಸಾಬರು ಒಳಗೆ ಹೋದರು. ನಾನು ಹತ್ತು ಎಣಿಸುವಷ್ಟರಲ್ಲಿ ಕೆಮ್ಮುತ್ತ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊತ್ತಿಕೊಳ್ಳುತ್ತ ಹೊರಗೆ ಬಂದರು. ತಲೆಯೆತ್ತಿ ಮಾಳಿಗೆ ನೋಡಿದರು. ಹಗ್ಗ ನೋಡಿದರು.

"ಇನ್ನೊಂದು ಗೇಣು ಬೇಕಿದ್ರೂ ಹಾಕ್ತೀನಿ ಅಕ್ಕಾ" ಅಂದರು.

ಪೈಪು ನಿಲ್ಲಿಸುವುದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ಎಂಜಿನ್ನಿನ ಮಗ್ಗುಲಿಂದ ಹಳೆಯ ಪೈಪನ್ನು ಬಿಚ್ಚಬೇಕು, ಅದರ ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದೊಳಗೆ ಕಬ್ಬಿಣ ಬೆಸೆದಂತೆ ಕೂತಿದ್ದವು. ಹಿಂದಿನ ದಿನವೇ ಅಪ್ಪ ಸೀಮೆಎಣ್ಣೆ ಹೊಯ್ದು ನೆನೆಸಿದ್ದ. ಸಾಬರು ಉರಿದೀಪ ಹಿಡಿದು ಕಾಯಿಸಿ ಮೂರನ್ನು ತಿರುಗಿಸಿದರು, ನಾಲ್ಕನೆಯದು ತಲೆ ಮುರಿದುಕೊಂಡು ಉಳಿಯಿತು, ಅದನ್ನು ಕೈಬೈರಿಗೆಯಿಂದ ಕೊರೆಯುವುದರಲ್ಲಿ ಅರ್ಧ ಹಗಲು ಹೋಯಿತು. ಆಮೇಲೆ ಬಾನೆಟ್ಟಿನಲ್ಲಿ ಉಳಿಯಿಂದ ದುಂಡಗೆ ತೂತು ಕೊರೆದು, ದಂಡಿನ ಗುಜರಿಯಿಂದ ತಂದ ಉದ್ದನೆಯ ಕಬ್ಬಿಣದ ಪೈಪನ್ನು ಅದರೊಳಗಿಂದ ಇಳಿಸಿ, ಬುಡಕ್ಕೆ ಹೊಗೆ ಸೋರದ ಹಾಗೆ ಪ್ಯಾಕಿಂಗ್ ಕೂರಿಸಿ ಬಿಗಿದರು. ಅಷ್ಟುದ್ದದ ಪೈಪು ಎಂಜಿನ್ ಅಲುಗಿದರೆ ಮುರಿದು ಬಿದ್ದೀತೆಂದು ಮುರುಕು ಬಂಡಿಯ ಗಾಲಿಗೆ ಹಾಕಿದ್ದ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಎರಡು ಕಡೆ ಆಸರೆ ಕೊಟ್ಟರು. ನಾನು ಮರದಿಂದ ಕೂಗಿದೆ, "ಬಂತು, ಒಂದು ಗೇಣು ಮ್ಯಾಲೆ ಬಂತು!" ಕೊನೆಗೆ ಉಳಿದದ್ದು ಮುಚ್ಚಳ. ಎಂಜಿನ್ ನಿಂತಾಗ ತಾನೇ ಮುಚ್ಚಿಕೊಳ್ಳಬೇಕು, ಹೊಗೆ ಬಂದಾಗ ತಾನೇ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ನೀರು ಒಳಗೆ ಇಳಿಯುತ್ತದೆ. ಅವ್ವ ಒಳಗೆ ಹೋಗಿ ತವರಿನಿಂದ ತಂದ ಹಾಲಿನ ತಂಬಿಗೆಯ ಹಿತ್ತಾಳೆ ಮುಚ್ಚಳ ತಂದುಕೊಟ್ಟಳು. ಸಾಬರು ಅದಕ್ಕೊಂದು ಕೀಲು ಹಾಕಿ ಪೈಪಿನ ಬಾಯಿಗೆ ಕೂರಿಸಿದರು.

ಹೋಗುವಾಗ ಅಪ್ಪನಿಗೆ ಬುದ್ಧಿ ಹೇಳಿದರು. ಮೊದಲು ಪೆಟ್ರೋಲಿನ ಮೇಲೆ ಓಡಿಸು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸೀಮೆಎಣ್ಣೆಯ ನಲ್ಲಿ ತಿರುಗಿಸು, ತಣ್ಣಗಿದ್ದಾಗ ತಿರುಗಿಸಿದರೆ ಹೊಗೆ ಅಂದರೆ ಹೊಗೆ, ಊರು ಕಾಣದಂಥ ಹೊಗೆ. ಅಪ್ಪ ಹೂಂ ಅಂದ. ಹೊಸ್ತಿಲಲ್ಲಿ ಕೂತ ಅವ್ವನೂ ಕೇಳಿಸಿಕೊಂಡಳು.

ಅವ್ವ ಮೂರು ದಿನ ಕಾದಳು. ನಾಲ್ಕನೆಯ ದಿನ ದೊಡ್ಡವ್ವ ಮಾಳಿಗೆಯ ಮೇಲೆ ಬಿಳಿ ಪಂಚೆಗಳನ್ನು ಹಾಸಿ ಅಕ್ಕಿ ಸಂಡಿಗೆ ಇಟ್ಟಳು. ಅವಳ ತವರು ಸಿರುಗುಪ್ಪ, ನೀರಾವರಿಯ ಊರು. ಅಲ್ಲಿಂದ ಅಣ್ಣಂದಿರು ಅಕ್ಕಿ ಕಳಿಸುತ್ತಿದ್ದರು, ಇವಳು ಸಂಡಿಗೆ ಮಾಡಿ ಕಳಿಸುತ್ತಿದ್ದಳು. ಪಕ್ಕದಲ್ಲಿ ಚಾಪೆ ಹಾಕಿಕೊಂಡು ದೊಡ್ಡಪ್ಪ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಗಾಳಿ ನಮ್ಮ ಹಿತ್ತಲಿನಿಂದ ಮಾಳಿಗೆಯ ಕಡೆ ಬೀಸುತ್ತಿತ್ತು.

"ಏನ್ರೀ, ಎಂಜಿನ್ ಒಂದೀಟು ತಿರುಗಿಸಿ ನೋಡ್ರಿ. ಸುಮ್ಮನ ನಿಂತ್ರ ತುಕ್ಕು ಹಿಡದೀತು" ಅಂದಳು ಅವ್ವ.

ಅಪ್ಪ ಅವಳ ಮುಖ ನೋಡಿದ. ಹ್ಯಾಂಡಲ್ ಹಾಕಿದ. ನಾಲ್ಕನೆಯ ಸುತ್ತಿಗೆ ಎಂಜಿನ್ ಎದ್ದಿತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ, ನಿಧಾನಕ್ಕೆ, ಮಜ್ಜಿಗೆ ಗಡಿಗೆಯ ಮುಚ್ಚಳ ತೆಗೆಯುವವಳ ಹಾಗೆ, ಸೀಮೆಎಣ್ಣೆಯ ನಲ್ಲಿ ತಿರುಗಿಸಿದಳು. ಮೇಲೆ ಹಿತ್ತಾಳೆ ಮುಚ್ಚಳ ತಟ್ ತಟ್ ಎಂದು ಎದ್ದು ಬಡಿಯತೊಡಗಿತು. ಮೊದಲು ಎಂಜಿನ್ನಿನೊಳಗೆ ವರ್ಷಗಟ್ಟಲೆ ಕಟ್ಟಿದ್ದ ಕರಿ ತುಣುಕು ತುಣುಕಾಗಿ ಹಾರಿತು. ಹಿಂದೆಯೇ ಬೆಳ್ಳನೆಯ ಹೊಗೆ ಬಂತು, ದಪ್ಪಗೆ, ನಾರುತ್ತ. ಅದು ಮೋಟುಗೋಡೆ ದಾಟಿ ದೊಡ್ಡಪ್ಪನ ಮೇಲೆ ಹಾಸಿಗೆಯ ಹಾಗೆ ಬಿತ್ತು. ಒಂದು ಕ್ಷಣ ಅವನು ಕಾಣಲಿಲ್ಲ. ಆಮೇಲೆ ಹೊಗೆಯೊಳಗಿಂದ ಧ್ವನಿ ಬಂತು.

"ಗೌರೀ! ಲೇ ಗೌರೀ! ನಿಮ್ಮವ್ವಗ ಹೇಳು! ಗಾಡಿ ನಿಲ್ಸು ಅಂತ ಹೇಳು!"

"ಗೌರೀ, ನಿಮ್ಮ ದೊಡ್ಡಪ್ಪಗ ಹೇಳು. ಇನ್ನ ಎಂಜಿನ್ ಬಿಸಿ ಆಗಿಲ್ಲ."

ಅವ್ವ ನಕ್ಕಳು. ಬಾಯಿಗೆ ಸೆರಗು ಮುಚ್ಚಿಕೊಳ್ಳದೆ, ತಲೆ ಹಿಂದಕ್ಕೆ ಎಸೆದು ನಕ್ಕಳು. ಅವಳ ಹಿಂದಿನ ಹಲ್ಲೊಂದು ಇಲ್ಲ ಎಂಬುದು ನನಗೆ ಗೊತ್ತಾದದ್ದೇ ಅವತ್ತು. ನಾನೂ ನಕ್ಕೆ. ಇಷ್ಟು ವಯಸ್ಸಾದ ಮೇಲೆ ತಪ್ಪಾಯಿತು ಅಂತ ಬರೆದರೆ ಓದುವವರಿಗೆ ಹಿತವಾದೀತು, ಆದರೆ ಸುಳ್ಳಾಗುತ್ತದೆ. ನನ್ನ ಬಾಳಿನಲ್ಲಿ ಅಂಥ ಸಿಹಿಯಾದ ಬೆಳಗು ಕೆಲವೇ. ಒಂದೇ ಒಂದು ಕಸರು. ಹೊಗೆ ತಿಳಿಯಾದ ಮೇಲೆ ದೊಡ್ಡವ್ವ, ಕರಿ ಎರಚಿದ ಸಂಡಿಗೆಯ ಪಂಚೆಗಳನ್ನು ಒಂದೊಂದಾಗಿ ಮಡಿಚುತ್ತ, ಕೆಳಗೆ ನಮ್ಮ ಕಡೆ ನೋಡಿದಳು. ಅವ್ವನ ಕೆಂಪು ಕಣ್ಣುಗಳನ್ನು ನೋಡಿ, ಪಂಚೆ ಎತ್ತಿಕೊಂಡು ಒಳಗೆ ಹೋದಳು.

ಎಂಟು ದಿನ, ದಿನಕ್ಕೊಂದು ಸಲ, ತುಕ್ಕು ಹಿಡಿಯದಂತೆ ಎಂಜಿನ್ ತಿರುಗಿತು. ಒಂಬತ್ತನೆಯ ದಿನ ಹದವಾದ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಹೊಲಕ್ಕೆ ಹೊರಟೆವು. ಅಪ್ಪ ಮೇಲೆ ಕೂತಿದ್ದ, ನಾನು ಅವನ ಪಕ್ಕ, ಅವ್ವ ಹಿಂದೆ ಬುತ್ತಿ ಹೊತ್ತು. ನೆಟ್ಟಗೆ ನಿಂತ ಆ ಪೈಪನ್ನು ನೋಡಲು ಓಣಿಯ ಜನವೆಲ್ಲ ಬಾಗಿಲಿಗೆ ಬಂದಿದ್ದರು. ಅಗಸಿಯ ಹತ್ತಿರ ಬಂದಾಗ ಅಪ್ಪ ಗಾಡಿ ನಿಲ್ಲಿಸಿದ. ನಾನು ತಲೆ ಎತ್ತಿದೆ. ಊರಿನಿಂದ ಹೊಲಕ್ಕೆ ಹೋಗುವುದಕ್ಕೆ ಇದ್ದದ್ದು ಅದೊಂದೇ ಕಲ್ಲುಬಾಗಿಲು. ಅದರ ಮೇಲಿನ ತೊಲೆಗಲ್ಲಿಗಿಂತ ನಮ್ಮ ಪೈಪು ಒಂದು ಮೊಳ ಎತ್ತರವಿತ್ತು. ನಮ್ಮೂರಲ್ಲಿ ಬಂಡಿಗೆ ಮೇವು ಹೇರುವ ಯಾರೂ ಅಗಸಿಯ ಎತ್ತರ ನೆನೆಸದೆ ಹೇರುತ್ತ ಇರಲಿಲ್ಲ. ಮೋಕದ ಅವ್ವನಿಗೂ ಬಳ್ಳಾರಿಯ ಸಾಬರಿಗೂ ಅದು ಹೊಳೆಯಲಿಲ್ಲ. ನಾನು ಅದರ ಕೆಳಗೇ ಆಡಿ ಬೆಳೆದವಳು, ಆದರೂ ಎರಡು ವಾರ ಮಾಳಿಗೆ ಬಿಟ್ಟು ಬೇರೆ ಎತ್ತರವೇ ನನ್ನ ತಲೆಯಲ್ಲಿರಲಿಲ್ಲ. ಅಗಸಿಯ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ, ಬೇಕಂತಲೇ ಬಂದು ಕೂತಿದ್ದ.

"ಗೌರೀ, ನಿಮ್ಮವ್ವಗ ಕೇಳು. ಅಗಸಿ ಒಡಸ್ತಾಳೇನು, ಇಲ್ಲಾ ಹೊತ್ಕೊಂಡು ಹೊಕ್ಕಾಳೇನು?"

ಊರೇ ನಕ್ಕಿತು. ಅವ್ವ ಬುತ್ತಿ ಹೊತ್ತೇ ಹಿಂದಕ್ಕೆ ತಿರುಗಿದಳು. ಟ್ರ್ಯಾಕ್ಟರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಓಣಿಯ ಉದ್ದಕ್ಕೂ ಮನೆಗೆ ವಾಪಸು ಬಂತು. ಎರೆ ನೆಲದ ಹದ ನಮಗಾಗಿ ಕಾಯುವುದಿಲ್ಲ. ಅಪ್ಪ ಬಳ್ಳಾರಿಗೆ ಹೋಗಿ ಸಾಬರನ್ನು ಕರೆತರುವಷ್ಟರಲ್ಲಿ ನೆಲ ಎರಡು ದಿನ ಆರಿತು. ಹೋಗುವ ಮುಂಚೆ ನಾನು ಅವನನ್ನು ಕೇಳಿದೆ, ನೀನು ಹುಟ್ಟಿದ್ದೇ ಈ ಊರಲ್ಲಿ, ನಿನಗೂ ಅಗಸಿ ನೆನಪಾಗಲಿಲ್ಲವಾ ಎಂದು.

"ಗೊತ್ತಿತ್ತವ್ವಾ" ಅಂದ ಅಪ್ಪ. "ನಿಮ್ಮವ್ವ ನಕ್ಕಿದ್ದು ನೋಡಿ ಬಾಳ ದಿನ ಆಗಿತ್ತು. ಒಂದೆಂಟು ದಿನ ನಗ್ಲಿ ಅಂತ ಬಿಟ್ಟೆ."

ಅವತ್ತಿನಿಂದ ಅಪ್ಪನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಖಾದರ್ ಸಾಬರು ಬಂದು ಗರಗಸ ಹಿಡಿದರು. ಬಾನೆಟ್ಟಿನ ಮೇಲೆ ಎರಡು ಮೊಳ ಬಿಟ್ಟು ಉಳಿದದ್ದನ್ನು ಕೊಯ್ದು, ಹಿತ್ತಾಳೆ ಮುಚ್ಚಳವನ್ನು ಗಿಡ್ಡ ಪೈಪಿನ ಬಾಯಿಗೆ ಕೂರಿಸಿದರು. ಅಪ್ಪ ಆಗಲೇ ಹೊಲಕ್ಕೆ ಹೊರಟುಹೋದ. ಕೊಯ್ದ ಉದ್ದನೆಯ ಪೈಪು ಹಿತ್ತಲಲ್ಲಿ ಸತ್ತ ಹಾವಿನ ಹಾಗೆ ಬಿದ್ದಿತ್ತು. ಅವ್ವ ಅದರ ಎದುರಿಗೆ ಕೂತಿದ್ದಳು. ಮೇಲೆ ಮಾಳಿಗೆಯಲ್ಲಿ ದೊಡ್ಡಪ್ಪ ಚಾಪೆ ಕೊಡಹುವ ಸದ್ದು ಕೇಳುತ್ತಿತ್ತು. ಅವ್ವ ಕೇಳಿದಳು.

"ಅಣ್ಣಾ, ಗ್ವಾಡಿಗೆ ತೂತು ಹಾಕಿದ್ರ ಮಾಳಗಿಗೆ ಏನಾರ ಆಗ್ತೈತೇನು?"

"ಮಾಳಗಿಗೆ ಏನಾಗ್ತೈತಿ? ಗ್ವಾಡಿ ಯಾರದು?"

"ನಮ್ಮದು."

ಸಾಬರು ಸಲಕರಣೆಯ ಚೀಲವನ್ನು ಮತ್ತೆ ಬಿಚ್ಚಿದರು. ಒಲೆಯ ಮೇಲುಗಡೆ, ಮಾಳಿಗೆಯ ತೊಲೆಗಿಂತ ಎರಡು ಗೇಣು ಕೆಳಗೆ, ಹಿತ್ತಲ ಗೋಡೆಯನ್ನು ದುಂಡಗೆ ಕೊರೆದರು. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗಿಂದ ಬಿಚ್ಚಿದ ಹಳೆಯ ಪೈಪಿನಲ್ಲಿ ಒಂದು ಒಳ್ಳೆಯ ಬಾಗು ಇತ್ತು. ಅದನ್ನು ಆ ತೂತಿಗೆ ಕೂರಿಸಿ, ಹೊರಗೆ ಅದರ ಮೇಲೆ ಕೊಯ್ದ ಪೈಪನ್ನು ನಿಲ್ಲಿಸಿ, ಗಾಲಿಪಟ್ಟಿಯಿಂದ ಗೋಡೆಗೆ ಬಿಗಿದರು. ಒಳಗೆ ಒಲೆಯ ಮೇಲೆ ಒಂದು ಹಳೆಯ ತಗಡನ್ನು ಬುಟ್ಟಿಯ ಹಾಗೆ ಬಗ್ಗಿಸಿ ಬೋರಲು ಹಾಕಿದರು. ಅವ್ವ ಒಲೆ ಹಚ್ಚಿದಳು. ಹೊಗೆ ಸ್ವಲ್ಪ ಹೊತ್ತು ಕೋಣೆಯಲ್ಲೇ ದಾರಿ ಹುಡುಕಿ, ಆಮೇಲೆ ತಗಡಿನೊಳಗೆ ತೂರಿತು. ನಾನು ಹಿತ್ತಲಿಗೆ ಓಡಿದೆ. ಪೈಪಿನ ಬಾಯಿಂದ ಕುಳ್ಳಿನ ಹೊಗೆ ಎದ್ದು, ಮೋಟುಗೋಡೆ ದಾಟಿ, ದೊಡ್ಡಪ್ಪನ ಚಾಪೆಯ ಕಡೆ ಹೋಗುತ್ತಿತ್ತು. ಇನ್ನು ಪೆಟ್ರೋಲು ಬೇಡ, ಸೀಮೆಎಣ್ಣೆ ಬೇಡ, ದಿನಕ್ಕೆ ಮೂರು ಹೊತ್ತು.

ದೊಡ್ಡಪ್ಪ ಆ ವಾರವೇ ಹಿರಿಯರನ್ನು ಕರೆಸಿದ. ಅದೇ ನಾಲ್ಕು ಜನ, ಅದೇ ಕಂಬಳಿ. ಗೋಡೆ ನೋಡಿದರು, ಸಿದ್ದಪ್ಪನದು ಅಂದರು. ಪೈಪು ನಿಂತ ಜಾಗ ನೋಡಿದರು, ಸಿದ್ದಪ್ಪನದು ಅಂದರು. ಹೊಗೆಯನ್ನು ನೋಡಿ ಅವರಲ್ಲಿ ಎಲ್ಲರಿಗಿಂತ ಹಿರಿಯ ತಲೆ ಕೆರೆದುಕೊಂಡ.

"ಆಕಾಶಾನ ನಾವು ಪಾಲು ಮಾಡಿಲ್ಲಪ್ಪಾ" ಅಂದ. "ನೀನು ಕಲ್ಲು ತಗದಬುಡು, ಆಕಿ ಪೈಪು ತಗೀತಾಳ."

"ಇನ್ನ ಮಳಿ ಮುಗದಿಲ್ಲ" ಅಂದ ದೊಡ್ಡಪ್ಪ.

ಅವನು ತೆಗೆಯಲಿಲ್ಲ, ಇವಳು ತೆಗೆಯಲಿಲ್ಲ. ಪೈಪು ಹೊಗೆಯನ್ನಷ್ಟೇ ಒಯ್ಯುತ್ತಿತ್ತು, ಬೆಳಕು ತರುತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಹಾಡುಹಗಲೇ ಬುಡ್ಡಿ ಉರಿಯುತ್ತಿತ್ತು. ಅಷ್ಟರಲ್ಲಿ ಅವ್ವನ ಕಣ್ಣಿಗೆ ಆಗುವುದೆಲ್ಲ ಆಗಿಹೋಗಿತ್ತು. ಸೂಜಿಗೆ ದಾರ ನಾನು ಪೋಣಿಸಬೇಕು, ಜೋಳದಲ್ಲಿ ಕಲ್ಲು ನಾನು ಆರಿಸಬೇಕು. ರಾತ್ರಿ ದೀಪದ ಸುತ್ತ ಅವಳಿಗೆ ಬಣ್ಣದ ಉಂಗುರ ಕಾಣುತ್ತಿತ್ತು. ಅದಕ್ಕೇ ನಾನು ಒಂದು ಕೆಲಸ ವಹಿಸಿಕೊಂಡೆ, ಯಾರೂ ಹೇಳದೆ. ದೊಡ್ಡಪ್ಪ ಮಾಳಿಗೆಗೆ ಬಂದು ಕೂತ ಸದ್ದಾದರೆ ಸಾಕು, ಒಲೆಗೆ ಒಂದು ಹಸಿ ಜಾಲಿಯ ತುಂಡು ತಳ್ಳುತ್ತಿದ್ದೆ. ದೊಡ್ಡವ್ವ ಸಂಡಿಗೆಯನ್ನು ಅಂಗಳದಲ್ಲಿ ಒಣಗಿಸತೊಡಗಿದಳು. ಆ ಕಡೆಯ ಮೋಟುಗೋಡೆ ಕಪ್ಪಾಗಿ ಹೋಯಿತು, ಅವನು ವರ್ಷಕ್ಕೊಮ್ಮೆ ಸುಣ್ಣ ಹಚ್ಚಿಸುತ್ತಿದ್ದ, ನಾನು ತಿಂಗಳೊಳಗೆ ಕಪ್ಪು ಮಾಡುತ್ತಿದ್ದೆ. ಬಳ್ಳಾರಿ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿತು, ಟ್ರ್ಯಾಕ್ಟರು ಹೊಲದ ಕರಿಕೆಯನ್ನೆಲ್ಲ ಕಿತ್ತು ಒಂದು ದಿನ ಎಂಜಿನ್ ಸೀಳಿಕೊಂಡು ನಿಂತೇಬಿಟ್ಟಿತು. ಕಲ್ಲು ಅಲ್ಲೇ ಇತ್ತು, ಪೈಪು ಇಲ್ಲೇ ಇತ್ತು.

ದೊಡ್ಡಪ್ಪ ಒಂದು ಬೇಸಿಗೆಯಲ್ಲಿ ಎರಡೇ ದಿನ ಮಲಗಿ ತೀರಿಕೊಂಡ. ಅವತ್ತು ರೂಢಿಯಂತೆ ನಮ್ಮ ಮನೆಯಲ್ಲೂ ಒಲೆ ಹಚ್ಚಲಿಲ್ಲ, ಪೈಪು ನಿಲ್ಲಿಸಿದ ಮೇಲೆ ಅದು ಹೊಗೆಯಾಡದ ಮೊದಲ ದಿನ ಅದು. ಮಣ್ಣು ಕೊಟ್ಟು ಬಂದ ಮೂರನೆಯ ಬೆಳಿಗ್ಗೆ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಮೇಲೆ ಯಾರೋ ಏದುಸಿರು ಬಿಡುತ್ತ ಏನನ್ನೋ ಎಳೆಯುವ ಸದ್ದಾಯಿತು. ಮಣ್ಣು ಉದುರಿತು. ಆಮೇಲೆ ದುಂಡನೆಯ ಬಿಸಿಲು ಒಂದು ಅವ್ವನ ಕೈಯ ಮೇಲೆ, ಹಿಟ್ಟಿನ ಮೇಲೆ ಬಿತ್ತು. ಗವಾಕ್ಷಿಯಲ್ಲಿ ದೊಡ್ಡವ್ವನ ಮುಖ ಇತ್ತು.

"ತಂಗೀ, ಮಳಿ ಮುಗೀತವ್ವಾ."

ಅವ್ವ ಬಿಸಿಲು ತಾಳಲಾರದೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು.

"ಅವ್ರು ತಗೀಬೇಕಿತ್ತಕ್ಕಾ" ಅಂದಳು.

ಆ ವಾರದಲ್ಲೇ ಖಾದರ್ ಸಾಬರು ಬಂದು ಪೈಪು ಇಳಿಸಿಕೊಂಡು ಹೋದರು. ಅವ್ವ ತಾನೇ ಮಣ್ಣು ಕಲಸಿ, ಬೆರಳಿನಿಂದ ತೂತಿನ ಅಂಚು ತಡವಿ ತಡವಿ ನೋಡಿ, ಗೋಡೆ ಮೆತ್ತಿದಳು.